ಮ್ಯಾನ್ ಪೇಜ್ ಎಲ್ಲಿ ಹೋಯಿತು?

ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಾಕರ್ ಇದ್ದರೆ ಒಂದು ಉಬುಂಟು ಕಂಟೇನರ್ ಶುರು ಮಾಡಿ, ಒಳಗೆ ಹೋಗಿ ‘ಮ್ಯಾನ್ ಎಲ್‌ಎಸ್’ ಅಂತ ಟೈಪ್ ಮಾಡಿ ನೋಡಿ. ಎಲ್‌ಎಸ್ ಕಮಾಂಡಿನ ಕೈಪಿಡಿ ಬರೋದಿಲ್ಲ, ಒಂದು ಸೂಚನೆ ಬರುತ್ತದೆ. ಅದರ ಸಾರ ಇಷ್ಟು: ಈ ಸಿಸ್ಟಮ್ಮನ್ನು ಚಿಕ್ಕದು ಮಾಡಲಾಗಿದೆ, ಬಳಕೆದಾರರು ಲಾಗಿನ್ ಆಗದ ಮಷೀನಿಗೆ ಬೇಡವಾದದ್ದನ್ನು ತೆಗೆದಿದೆ, ಕೈಪಿಡಿಗಳು ಬೇಕಿದ್ದರೆ ‘ಅನ್‌ಮಿನಿಮೈಜ್’ ಓಡಿಸಿ.

ಬಳಕೆದಾರರು ಲಾಗಿನ್ ಆಗದ ಮಷೀನು! ನಾನು ಲಾಗಿನ್ ಆಗಿಯೇ ಕೂತಿದ್ದೀನಲ್ಲ. ಈ ಮಾತು ಬರೆದವರ ಮನಸ್ಸಿನಲ್ಲಿ ಮಷೀನಿನ ಮುಂದೆ ಯಾರೂ ಇಲ್ಲ. ಐವತ್ತು ವರ್ಷದ ಹಿಂದೆ ಯುನಿಕ್ಸ್ ಬರೆದವರ ಮನಸ್ಸಿನಲ್ಲಿ ಮಷೀನಿನ ಮುಂದೆ ಒಬ್ಬ ಮನುಷ್ಯ ಇದ್ದ, ಅವನಿಗೆ ಏನೂ ಗೊತ್ತಿಲ್ಲ, ಅವನಿಗೆ ಹೇಳಿಕೊಡಬೇಕು ಅಂತ ಇತ್ತು. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ ಅನ್ನೋದು ನನಗೆ ಬಹಳ ದಿನದಿಂದ ತಲೆಯಲ್ಲಿ ಕೊರೀತಿರೋ ವಿಷಯ. ಪ್ರೋಗ್ರಾಮಿಂಗ್ ಬರದವರೂ ಓದಬಹುದು. ಇದು ಕೈಪಿಡಿಗಳ ಕಥೆ, ಕೋಡಿನದಲ್ಲ.

ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ ಮೊದಲ ಯುನಿಕ್ಸ್ ಕೈಪಿಡಿಯ ಮೇಲೆ 1971ರ ನವೆಂಬರ್ 3 ಅನ್ನುವ ತಾರೀಖು ಇದೆ. ಕೈಪಿಡಿ ಬರೀರಿ ಅಂತ ಅವರ ಬೆನ್ನು ಹತ್ತಿದವರು ಡಗ್ ಮೆಕಿಲ್ರಾಯ್. ಅದರಲ್ಲಿ ಪ್ರತಿ ಕಮಾಂಡಿಗೂ ಒಂದೊಂದು ಪುಟ. ಹೆಸರು, ಬಳಸುವ ರೀತಿ, ವಿವರಣೆ. ಕೊನೆಗೆ ಎರಡು ವಿಭಾಗಗಳು ನನಗೆ ಬಹಳ ಇಷ್ಟ. ಒಂದು ‘ಓನರ್’, ಅಂದ್ರೆ ಇದು ಕೆಟ್ಟರೆ ಯಾರ ಹತ್ತಿರ ಹೋಗಬೇಕು ಅಂತ. ಇನ್ನೊಂದು ‘ಬಗ್ಸ್’. ತಾವೇ ಬರೆದ ಪ್ರೋಗ್ರಾಮಿನಲ್ಲಿ ಏನು ಸರಿಯಿಲ್ಲ ಅನ್ನೋದನ್ನ ತಾವೇ ಪುಟದ ಕೊನೆಗೆ ಬರೆದು ಕೊಟ್ಟಿದ್ದರು. ಇವತ್ತು ಯಾವ ಕಂಪನಿಯ ಪ್ರಾಡಕ್ಟ್ ಮ್ಯಾನೇಜರ್ ಇದಕ್ಕೆ ಒಪ್ಪಿಗೆ ಕೊಡ್ತಾರೆ ಹೇಳಿ?

ಕೈಪಿಡಿ ಅವರಿಗೆ ಆಮೇಲೆ ಸೇರಿಸಿದ ಅಲಂಕಾರ ಆಗಿರಲಿಲ್ಲ. ಹೊಸ ಪಿಡಿಪಿ-11 ಮಷೀನು ಕೊಡಿಸುವಾಗ ಅವರು ಮುಂದಿಟ್ಟ ಕಾರಣವೇ ಪಠ್ಯ ಸಿದ್ಧಪಡಿಸುವುದು. ಬೆಲ್ ಲ್ಯಾಬ್ಸಿನ ಪೇಟೆಂಟ್ ವಿಭಾಗದ ಟೈಪಿಸ್ಟುಗಳು ಯುನಿಕ್ಸಿನ ಮೊದಲ ಹೊರಗಿನ ಬಳಕೆದಾರರು. ಮುಂದೆ ‘ಸಿಕ್ಸ್ತ್ ಎಡಿಷನ್’, ‘ಸೆವೆಂತ್ ಎಡಿಷನ್’ ಅಂತ ಯುನಿಕ್ಸಿಗೆ ಹೆಸರು ಬಂತಲ್ಲ, ಅವು ಸಾಫ್ಟ್‌ವೇರಿನ ವರ್ಷನ್ ನಂಬರುಗಳಲ್ಲ. ಕೈಪಿಡಿಯ ಆವೃತ್ತಿಗಳು. ಆರನೇ ಆವೃತ್ತಿಯ ಪುಸ್ತಕದಲ್ಲಿ ವಿವರಿಸಿದ ಸಿಸ್ಟಮ್ಮು ಯಾವುದೋ ಅದೇ ಸಿಕ್ಸ್ತ್ ಎಡಿಷನ್ ಯುನಿಕ್ಸ್. ಪುಸ್ತಕದ ಹೆಸರನ್ನು ಯಂತ್ರಕ್ಕೆ ಇಟ್ಟರು.

ಇನ್ನೊಂದು ಲೆಕ್ಕ ನೋಡಿ. 1975ರ ಆ ಸಿಕ್ಸ್ತ್ ಎಡಿಷನ್ನನ್ನು ಡಿಸ್ಕಿನಲ್ಲಿ ತರಿಸಿಕೊಂಡರೆ ಮೂರು ಡಿಸ್ಕ್ ಪ್ಯಾಕ್ ಬರುತ್ತಿದ್ದವು. ಒಂದೊಂದೂ ಸುಮಾರು ಎರಡೂವರೆ ಎಂಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸೋದು ಕಷ್ಟ. ಮೊದಲನೆಯದರಲ್ಲಿ ಓಡುವ ಪ್ರೋಗ್ರಾಮುಗಳು, ಎರಡನೆಯದರಲ್ಲಿ ಸೋರ್ಸ್ ಕೋಡು, ಮೂರನೆಯದು ಪೂರ್ತಿ ಕೈಪಿಡಿ ಮತ್ತು ದಾಖಲೆಗಳಿಗೆ. ಎರಡೂವರೆ ಎಂಬಿಯ ಬಡತನದಲ್ಲಿ ಮೂರರಲ್ಲಿ ಒಂದು ಪಾಲು ವಿವರಣೆಗೆ ಮೀಸಲು. ಇದನ್ನು ನೆನಪಿಟ್ಟುಕೊಳ್ಳಿ, ‘ಜಾಗ ಇಲ್ಲ’ ಅನ್ನೋ ಮಾತು ಮುಂದೆ ಬರುತ್ತದೆ.

ಎಂಬತ್ತರ ದಶಕದಲ್ಲಿ ಎಟಿ ಆಂಡ್ ಟಿ ಕಂಪನಿ ಯುನಿಕ್ಸನ್ನು ಮಾರೋಕೆ ಶುರು ಮಾಡಿತು. ಮಾರುವವನಿಗೆ ಎಲ್ಲವೂ ಬಿಡಿ ಬಿಡಿ ಸಾಮಾನು. ಮ್ಯಾನ್ ಪುಟಗಳನ್ನು ಓದಲು ಬರುವಂತೆ ಜೋಡಿಸುವ ಟ್ರಾಫ್, ಎನ್‌ರಾಫ್ ಎಂಬ ಪ್ರೋಗ್ರಾಮುಗಳನ್ನು ‘ಡಾಕ್ಯುಮೆಂಟರ್ಸ್ ವರ್ಕ್‌ಬೆಂಚ್’ ಅಂತ ಬೇರೆ ಪೊಟ್ಟಣ ಕಟ್ಟಿ ಬೇರೆ ಬೆಲೆಗೆ ಇಟ್ಟರು. ಅದು ಕೊಳ್ಳದವರಿಗೆ ಮೊದಲೇ ಜೋಡಿಸಿಟ್ಟ ಪುಟಗಳು ಸಿಕ್ಕರೆ ಸಿಕ್ಕವು. ಸಾಫ್ಟ್‌ವೇರು ಮತ್ತು ಅದರ ಕೈಪಿಡಿ ದೊಡ್ಡ ಪ್ರಮಾಣದಲ್ಲಿ ಬೇರೆ ಬೇರೆಯಾದದ್ದು ಆಗ. ಕಾರಣ ದುಡ್ಡು.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಯಿತು. ಒಂದೇ ಸರ್ವರಿನ ಡಿಸ್ಕನ್ನು ನೆಟ್‌ವರ್ಕ್ ಮೇಲೆ ಹತ್ತಾರು ವರ್ಕ್‌ಸ್ಟೇಷನ್‌ಗಳು ಹಂಚಿಕೊಳ್ಳುವ ಕಾಲ ಬಂತು. ಪ್ರೋಸೆಸರ್ ಯಾವುದಾದರೂ ಕೈಪಿಡಿ ಅದೇ ತಾನೆ? ಹಾಗಾಗಿ ಹಂಚಿಕೊಳ್ಳಬಹುದಾದದ್ದಕ್ಕೆಲ್ಲ ‘/ಯುಎಸ್‌ಆರ್/ಶೇರ್’ ಅನ್ನೋ ಫೋಲ್ಡರ್ ಹುಟ್ಟಿತು, ಕೈಪಿಡಿಗಳು ಅದರೊಳಗೆ ಹೋದವು. ಬಹಳ ಸಣ್ಣ ಸುದ್ದಿ ಅನ್ನಿಸುತ್ತದೆ. ಇದರ ಬಾಲ ಎಷ್ಟು ಉದ್ದ ಬೆಳೀತು ಅಂತ ಈಗ ಹೇಳ್ತೀನಿ.

ರಿಚರ್ಡ್ ಸ್ಟಾಲ್ಮನ್ನರ ಗ್ನು ಯೋಜನೆ ಮ್ಯಾನ್ ಪುಟವನ್ನು ಎರಡನೇ ದರ್ಜೆಗೆ ಇಳಿಸಿ ‘ಇನ್ಫೋ’ ಅನ್ನುವ ಪುಸ್ತಕದಂಥ ಪದ್ಧತಿ ತಂದಿತು. ಅಧ್ಯಾಯ, ಕೊಂಡಿ, ಸೂಚಿ ಎಲ್ಲ ಇರುವ ಒಳ್ಳೆಯ ಪುಸ್ತಕಗಳು. ಆದರೆ ಇನ್ಫೋ ಓದುವುದಕ್ಕೇ ಇನ್ನೊಂದು ಕೈಪಿಡಿ ಬೇಕು. ಅದರ ಬಗ್ಗೆ ಇಷ್ಟು ಸಾಕು.

ಲಿನಕ್ಸ್ ಬಂದ ಮೇಲೆ ಸಾಫ್ಟ್‌ವೇರನ್ನು ‘ಪ್ಯಾಕೇಜ್’ ಮಾಡಿ ಹಂಚುವ ಪದ್ಧತಿ ಬಂತು. ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ ಡೆಬಿಯನ್ ಈ ಕೆಲಸದಲ್ಲಿ ಬಹಳ ಮಡಿವಂತ. ಅವರ ನಿಯಮದ ಪ್ರಕಾರ ಪ್ಯಾಕೇಜಿನಲ್ಲಿರುವ ಪ್ರತಿ ಕಮಾಂಡಿಗೂ ಮ್ಯಾನ್ ಪುಟ ಇರಬೇಕು, ಇಲ್ಲದಿದ್ದರೆ ಅದು ಬಗ್. ಆದರೆ ಮೂಲ ಲೇಖಕನೇ ಬರೆಯದಿದ್ದರೆ ಪ್ಯಾಕೇಜ್ ಮಾಡುವ ಸ್ವಯಂಸೇವಕ ಎಲ್ಲಿಂದ ತರಬೇಕು? ಅದಕ್ಕೊಂದು ಉಪಾಯ ಮಾಡಿದ್ದರು. ‘ಅನ್‌ಡಾಕ್ಯುಮೆಂಟೆಡ್’ ಅನ್ನೋ ಹೆಸರಿನ ಒಂದು ಮ್ಯಾನ್ ಪುಟ. ಕೈಪಿಡಿ ಇಲ್ಲದ ಕಮಾಂಡುಗಳೆಲ್ಲ ಆ ಪುಟಕ್ಕೆ ಕೈ ತೋರಿಸುತ್ತಿದ್ದವು. ಇದಕ್ಕೆ ಕೈಪಿಡಿ ಇಲ್ಲ ಅಂತ ಹೇಳುವುದಕ್ಕೂ ಒಂದು ಕೈಪಿಡಿ! ನಗು ಬರುತ್ತದೆ, ಆದರೆ ನನಗೆ ಅದರಲ್ಲಿ ಒಂದು ಮರ್ಯಾದೆ ಕಾಣುತ್ತದೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸದೆ, ಯಜಮಾನರು ಮನೆಯಲ್ಲಿ ಇಲ್ಲರೀ ಅಂತ ಹೇಳಿ ನೀರು ಕೊಟ್ಟ ಹಾಗೆ. ಆದರೆ ಈ ಉಪಾಯದಿಂದ ಬಗ್ ಮುಚ್ಚಿಹೋಗುತ್ತದೆ ಅಂತ ಮುಂದೆ ಅದನ್ನೂ ಕೈಬಿಟ್ಟರು.

ಈಗ ಆ ಉದ್ದ ಬಾಲದ ವಿಷಯ. 1994ರಲ್ಲಿ ಲಿನಕ್ಸಿನ ಫೋಲ್ಡರುಗಳು ಹೇಗಿರಬೇಕು ಅಂತ ಮೊದಲ ಮಾನದಂಡ ಬಂದಾಗ ಪ್ಯಾಕೇಜಿನ ದಾಖಲೆಗಳು ‘/ಯುಎಸ್‌ಆರ್/ಡಾಕ್’ನಲ್ಲಿದ್ದವು. ಆಮೇಲಿನ ಎಫ್‌ಎಚ್‌ಎಸ್ ಮಾನದಂಡ ‘/ಯುಎಸ್‌ಆರ್/ಶೇರ್/ಡಾಕ್’ ಅಂದಿತು. ನಡುವೆ ಒಂದು ಫೋಲ್ಡರ್ ಸೇರಿತು, ಅಷ್ಟೇ. ಆದರೆ ಡೆಬಿಯನ್ನಿನಲ್ಲಿ ಸಾವಿರಾರು ಪ್ಯಾಕೇಜು, ಒಂದೊಂದಕ್ಕೂ ಬೇರೆ ಬೇರೆ ದೇಶದ ಸ್ವಯಂಸೇವಕ. ಎಲ್ಲರೂ ಒಂದೇ ದಿನ ಮನೆ ಬದಲಿಸೋದು ಆಗದ ಮಾತು. ಅರ್ಧ ಪ್ಯಾಕೇಜು ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ ಉಳಿದರೆ ಓದುವವನು ಎರಡು ಕಡೆ ಹುಡುಕಬೇಕು. ಹಳೆಯ ಫೋಲ್ಡರನ್ನೇ ಹೊಸದಕ್ಕೆ ಸಿಮ್‌ಲಿಂಕ್ ಮಾಡಿಬಿಡೋಣ ಅಂದ್ರೆ, ಅಲ್ಲಿರುವ ನಿಜವಾದ ಫೋಲ್ಡರನ್ನು ಲಿಂಕಾಗಿ ಬದಲಿಸೋದು ಡಿಪಿಕೆಜಿ ಎಂಬ ಅವರ ಪ್ಯಾಕೇಜ್ ಯಂತ್ರಕ್ಕೆ ಬರುತ್ತಿರಲಿಲ್ಲ.

ದೊಡ್ಡ ಜಗಳವೇ ಆಯಿತು. 1999ರಲ್ಲಿ ವಿಷಯ ಡೆಬಿಯನ್ನಿನ ತಾಂತ್ರಿಕ ಸಮಿತಿಗೆ ಹೋಯಿತು. ತೀರ್ಮಾನ ಹೀಗೆ ಬಂತು: ಜಾಗ ಬದಲಿಸಿದ ಪ್ರತಿ ಪ್ಯಾಕೇಜು ಇನ್‌ಸ್ಟಾಲ್ ಆಗುವಾಗ ಹಳೆಯ ವಿಳಾಸದಲ್ಲಿ ತನ್ನ ಹೆಸರಿನ ಒಂದು ಲಿಂಕ್ ಇಡಬೇಕು, ತೆಗೆಯುವಾಗ ಅದನ್ನೂ ತೆಗೆಯಬೇಕು. ಎಲ್ಲರೂ ಹೊಸ ಜಾಗಕ್ಕೆ ಬಂದ ಮೇಲೆ ಮುಂದಿನ ಬಿಡುಗಡೆಗಳಲ್ಲಿ ಲಿಂಕುಗಳನ್ನು ಬಿಡಬಹುದು. ಒಂದು ಫೋಲ್ಡರಿನ ಹೆಸರಿಗಾಗಿ ವರ್ಷಗಟ್ಟಲೆ ಕೆಲಸ.

ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 2009ರ ಡಿಸೆಂಬರ್ 30ಕ್ಕೆ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದ ಹೊರಬಂದು ಯಾದಗಿರಿ ಜಿಲ್ಲೆ ಆಯಿತು. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಜಿಲ್ಲೆ, ಆಧಾರಿನಲ್ಲಿ ಇನ್ನೊಂದು. ಬ್ಯಾಂಕಿನವರು ಎರಡೂ ಒಂದೇನಾ ಅಂತ ಕೇಳಿದಾಗ ಬೇಕಾಗಿದ್ದು ಹಳೆಯ ವಿಳಾಸದಲ್ಲಿ ಒಂದು ಸಿಮ್‌ಲಿಂಕ್. ಆ ಲಿಂಕನ್ನು ನಮ್ಮಲ್ಲಿ ಪೋಸ್ಟ್‌ಮ್ಯಾನ್ ತಲೆಯೊಳಗೆ ಇಟ್ಟುಕೊಂಡಿರುತ್ತಾರೆ.

ಆ ಪೋಸ್ಟ್‌ಮ್ಯಾನ್ ಕಾಕಾನೇ 2008ರಲ್ಲಿ ನನಗೆ ಉಬುಂಟು ತಂದುಕೊಟ್ಟದ್ದು. ಉಬುಂಟು ಮಾಡುವ ಕೆನಾನಿಕಲ್ ಕಂಪನಿ 2011ರವರೆಗೆ ‘ಶಿಪ್‌ಇಟ್’ ಅಂತ ಒಂದು ಸೇವೆ ಇಟ್ಟಿತ್ತು. ವಿಳಾಸ ಕೊಟ್ಟರೆ ಪ್ರಪಂಚದ ಯಾವ ಮೂಲೆಗೂ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ಬಿಇ ಓದುವಾಗ ಕಾಲೇಜಿನ ಲ್ಯಾಬಿನಿಂದ ಅರ್ಜಿ ಹಾಕಿದ್ದೆ. ರಜೆಗೆ ಊರಿಗೆ ಹೋದಾಗ ಕಾಕಾ ಲಕೋಟೆ ಹಿಡಿದು ಬಂದ್ರು.

“ಫಾರಿನ್ನಿಂದ ಬಂದದಲ್ಲೋ ತಮ್ಮಾ. ರೊಕ್ಕ ಕಟ್ಟೋದು ಏನರ ಅದ ಏನು?”

“ಇಲ್ರಿ ಕಾಕಾ, ಪುಕ್ಕಟೆ ಕಳಿಸ್ಯಾರ.”

“ಪುಕ್ಕಟೆ ಯಾರ್ ಕಳಸ್ತಾರೋ? ನೋಡ್ಕೊಂಡು ಸಹಿ ಮಾಡು.”

ಮನೆಯಲ್ಲಿ ಹತ್ತಿ ಮಾರಿದ ರೊಕ್ಕದಲ್ಲಿ ಅಪ್ಪ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇತ್ತು. ನಮ್ಮೂರಿನಲ್ಲಿ ಇಂಟರ್ನೆಟ್ ಇರಲಿಲ್ಲ. ಸೈಬರ್ ಕೆಫೆಗೆ ಅಂದ್ರೆ ಶಹಾಪುರಕ್ಕೆ ಬಸ್ ಹತ್ತಬೇಕು. ಕರೆಂಟು ಯಾವಾಗ ಇರುತ್ತದೋ ಆವಾಗ ಕಂಪ್ಯೂಟರ್. ವಿಟಿಯು ಸಿಲಬಸ್‌ನಲ್ಲಿ ‘ಯುನಿಕ್ಸ್ ಆಂಡ್ ಶೆಲ್ ಪ್ರೋಗ್ರಾಮಿಂಗ್’ ಇತ್ತು, ಪರೀಕ್ಷೆಗೆ ಬೇಕಾದಷ್ಟು ಓದಿದ್ದೆ. ಆದರೆ ಯುನಿಕ್ಸ್ ಕಲಿತದ್ದು ಆ ರಜೆಯಲ್ಲಿ, ಮೇಷ್ಟ್ರಿಲ್ಲದೆ, ನೆಟ್ ಇಲ್ಲದೆ, ಸಿಡಿಯ ಜೊತೆ ಬಂದ ಕೈಪಿಡಿಗಳಿಂದ. ‘ಮ್ಯಾನ್ ಬ್ಯಾಶ್’ ಅನ್ನೋದು ಒಂದು ಪುಸ್ತಕದಷ್ಟು ಉದ್ದ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ, ಓದಿದ್ದನ್ನು ಅಲ್ಲೇ ಟೈಪ್ ಮಾಡಿ ನೋಡುತ್ತಿದ್ದೆ. ಪುಟದಲ್ಲಿ ಹೇಳಿದ ಹಾಗೆಯೇ ಮಷೀನು ನಡೆದುಕೊಳ್ಳುತ್ತಿತ್ತು, ಯಾಕಂದ್ರೆ ಆ ಪುಟ ಆ ಮಷೀನಿನಲ್ಲಿದ್ದ ಅದೇ ಬ್ಯಾಶಿನದು.

‘/ಯುಎಸ್‌ಆರ್/ಶೇರ್/ಡಾಕ್’ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ತೆಗೆಯುತ್ತಾ ಸಿಕ್ಕಿತು. ಪ್ರತಿ ಪ್ಯಾಕೇಜಿಗೂ ಒಂದೊಂದು ಕೋಣೆ, ಅದರೊಳಗೆ ರೀಡ್‌ಮಿ, ಚೇಂಜ್‌ಲಾಗ್, ಕಾಪಿರೈಟ್. ಅದರಲ್ಲಿ ‘ರೀಡ್‌ಮಿ.ಡೆಬಿಯನ್’ ಅನ್ನೋ ಫೈಲುಗಳು ಚಂದ: ಮೂಲ ಲೇಖಕ ಹೀಗೆ ಮಾಡಿದ್ದ, ನಾವು ಇಲ್ಲಿ ಹಾಗೆ ಬದಲಿಸಿದ್ದೇವೆ, ಕಾರಣ ಇದು, ಅಂತ ಯಾವನೋ ಪುಣ್ಯಾತ್ಮ ಬರೆದಿಟ್ಟಿರುತ್ತಾನೆ. ಒಂದೇ ತಕರಾರು. ಸ್ವಲ್ಪ ದೊಡ್ಡ ಫೈಲುಗಳೆಲ್ಲ ಜಾಗ ಉಳಿಸೋಕೆ ಜಿಜಿಪ್ ಆಗಿರುತ್ತವೆ, ‘ಕ್ಯಾಟ್’ ಅಂದ್ರೆ ಕಸ ಕಾಣುತ್ತದೆ, ‘ಜಡ್‌ಲೆಸ್’ ಅನ್ನಬೇಕು. ಅದು ಗೊತ್ತಿಲ್ಲದವರಿಗೆ ಫೈಲ್ ಇದ್ದೂ ಇಲ್ಲ.

ಇವನ್ನೆಲ್ಲ ಓದಲು ಸುಲಭ ಮಾಡುವ ವ್ಯವಸ್ಥೆ ಆಗಲೇ ಇತ್ತು, ಅದೇ ಬೇಜಾರು. ಡೆಬಿಯನ್ನಿನವರ ‘ಡಾಕ್‌-ಬೇಸ್’ ಅನ್ನೋದರಲ್ಲಿ ಪ್ರತಿ ಪ್ಯಾಕೇಜು ತನ್ನ ಪುಸ್ತಕಗಳ ಹೆಸರು ನೋಂದಾಯಿಸಬಹುದು, ಲೈಬ್ರರಿಯ ಕ್ಯಾಟಲಾಗ್ ಇದ್ದ ಹಾಗೆ. ‘ಡಿಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಅನ್ನೋ ಪ್ರೋಗ್ರಾಮು ಆ ಕ್ಯಾಟಲಾಗನ್ನು, ಮ್ಯಾನ್ ಪುಟಗಳನ್ನು ನಿಮ್ಮದೇ ಮಷೀನಿನ ಬ್ರೌಸರಿನಲ್ಲಿ ತೋರಿಸುತ್ತದೆ, ನೆಟ್ ಬೇಕಿಲ್ಲ. ಆದರೆ ಅದು ತಾನಾಗಿ ಇನ್‌ಸ್ಟಾಲ್ ಆಗೋದಿಲ್ಲ. ಅದು ಇದೆ ಅಂತ ಗೊತ್ತಿರುವವರು ಹಾಕಿಕೊಳ್ಳಬೇಕು. ಗೊತ್ತಿರುವವರಿಗೆ ಅದರ ಅಗತ್ಯ ಕಡಿಮೆ.

ಮುಂದಿನ ಬೇರ್ಪಡೆ ಕಾನೂನಿನಿಂದ ಬಂತು. ಗ್ನು ಕೈಪಿಡಿಗಳು ಜಿಎಫ್‌ಡಿಎಲ್ ಎಂಬ ಲೈಸೆನ್ಸಿನಲ್ಲಿ ಬರುತ್ತವೆ. ಅದರಲ್ಲಿ ಕೆಲವು ಭಾಗಗಳನ್ನು ಯಾರೂ ಬದಲಿಸಬಾರದು ಅಂತ ಲೇಖಕ ಗುರುತು ಹಾಕಬಹುದು. ಬದಲಿಸಲಾಗದ್ದು ಮುಕ್ತ ಅಲ್ಲ ಅಂತ 2006ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ತೀರ್ಮಾನಿಸಿದರು. ಪರಿಣಾಮ: ಅಂಥ ಕೈಪಿಡಿಗಳು ‘ನಾನ್‌-ಫ್ರೀ’ ಎಂಬ ಹೊರಗಿನ ಜಗಲಿಗೆ ಹೋದವು. ಡೆಬಿಯನ್ನಿನಲ್ಲಿ ಜಿಸಿಸಿ ಕಂಪೈಲರ್ ಹಾಕಿ ‘ಮ್ಯಾನ್ ಜಿಸಿಸಿ’ ಅಂದರೆ ಏನೂ ಸಿಗೋದಿಲ್ಲ. ಅದರ ಪುಟ ನಾನ್‌-ಫ್ರೀಯಲ್ಲಿರುವ ‘ಜಿಸಿಸಿ-ಡಾಕ್’ನಲ್ಲಿದೆ. ಎರಡೂ ಕಡೆಯವರು ಸ್ವಾತಂತ್ರ್ಯಕ್ಕಾಗಿಯೇ ಹೊಡೆದಾಡಿದರು. ನಡುವೆ ಪುಸ್ತಕ ಕಳಕೊಂಡವನು ಸಿ ಕಲಿಯೋ ಹುಡುಗ. ನನಗೆ ಡೆಬಿಯನ್ನಿನ ವಾದ ಸರಿ ಅನ್ನಿಸುತ್ತದೆ, ಫಲಿತಾಂಶ ಸರಿ ಅನ್ನಿಸೋದಿಲ್ಲ.

ರೆಡ್ ಹ್ಯಾಟ್ ಕಡೆಯ ಆರ್‌ಪಿಎಂ ಪದ್ಧತಿಯಲ್ಲಿ ಒಂದು ಒಳ್ಳೆಯ ಗುಣ ಇದೆ: ಯಾವ ಫೈಲು ದಾಖಲೆ ಅಂತ ಪ್ಯಾಕೇಜಿನೊಳಗೇ ಗುರುತು ಇರುತ್ತದೆ. ‘ಆರ್‌ಪಿಎಂ -ಕ್ಯೂಡಿ’ ಅಂತ ಕೇಳಿದರೆ ಆ ಪಟ್ಟಿ ಮಾತ್ರ ಕೊಡುತ್ತದೆ. ಆದರೆ ಫೋಲ್ಡರಿನ ಹೆಸರಿನಲ್ಲಿ ವರ್ಷನ್ ನಂಬರೂ ಸೇರಿರುತ್ತಿತ್ತು, ಅಪ್‌ಡೇಟ್ ಆದಾಗಲೆಲ್ಲ ವಿಳಾಸ ಬದಲು. 2013ರ ಫೆಡೋರಾ 20ರಲ್ಲಿ ಆ ನಂಬರು ತೆಗೆದರು. ಸಣ್ಣ ಸುಧಾರಣೆ, ಒಳ್ಳೆಯ ಸುಧಾರಣೆ.

ದಾಖಲೆ ಅಂತ ಗುರುತು ಇದ್ದರೆ ಹುಡುಕೋದು ಸುಲಭ, ಬಿಸಾಡೋದೂ ಸುಲಭ. ಡಾಕರ್ ಬಂದದ್ದು ಅದೇ 2013ರಲ್ಲಿ. ಎಲ್ಲರಿಗೂ ಸಣ್ಣ ಇಮೇಜಿನ ಹುಚ್ಚು ಹಿಡಿಯಿತು. ಸೆಂಟ್‌ಓಎಸ್ ಇಮೇಜಿನ ಸೆಟ್ಟಿಂಗಿನಲ್ಲಿ ‘ನೋಡಾಕ್ಸ್’ ಅನ್ನೋ ಒಂದು ಪದ. ಉಬುಂಟುವಿನಲ್ಲಿ ‘ಎಕ್ಸ್‌ಕ್ಲೂಡ್ಸ್’ ಅನ್ನೋ ಸಣ್ಣ ಫೈಲು, ಅದರಲ್ಲಿ ಮ್ಯಾನ್ ಮತ್ತು ಡಾಕ್ ಫೋಲ್ಡರುಗಳನ್ನು ಬಿಟ್ಟು ಉಳಿದದ್ದನ್ನು ಇನ್‌ಸ್ಟಾಲ್ ಮಾಡು ಅನ್ನೋ ಆಜ್ಞೆ. ಆದರೆ ಪ್ರತಿ ಪ್ಯಾಕೇಜಿನ ‘ಕಾಪಿರೈಟ್’ ಫೈಲು ಉಳಿಯಬೇಕು. ವಕೀಲರಿಗೆ ಬೇಕಾದ ದಾಖಲೆ ಉಳಿಯಿತು, ಬಳಸುವವನಿಗೆ ಬೇಕಾದದ್ದು ಹೋಯಿತು. ಇತ್ತ ಅದೇ ಇಮೇಜಿನ ಮೇಲೆ ನಾವು ಹಾಕುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ನೂರಾರು ಎಂಬಿ ತೂಗುತ್ತಿರುತ್ತದೆ. ಅದನ್ನು ಕೇಳೋರಿಲ್ಲ.

ಪ್ರತಿ ಸಲವೂ ಕಾರಣ ಆ ಕಾಲಕ್ಕೆ ಸರಿಯಾಗಿಯೇ ಇತ್ತು ಅನ್ನೋದನ್ನು ಗಮನಿಸಿ. ಮೊದಲು ದುಡ್ಡು, ಆಮೇಲೆ ಲೈಸೆನ್ಸು, ಆಮೇಲೆ ಸೈಜು. ಪ್ರತಿ ಸಲವೂ ಕಳಕೊಂಡವರು ಮಾತ್ರ ಒಂದೇ ಥರದವರು: ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರು.

‘ಈಗ ಎಲ್ಲರ ಕೈಯಲ್ಲೂ ನೆಟ್ ಇದೆಯಲ್ಲ, ಗೂಗಲ್ ಮಾಡು, ಎಐ ಕೇಳು’ ಅಂತೀರಿ. ಒಪ್ಪೋಣ. ಕೆಲವು ವರ್ಷದ ಹಿಂದೆ ಒಂದು ಕ್ಲೈಂಟ್ ಕಂಪನಿಯ ಡೇಟಾ ಸೆಂಟರಿಗೆ ಹೋಗಿದ್ದೆವು. ಒಳಗಿನ ಮಷೀನುಗಳಿಗೆ ಹೊರಗಿನ ನೆಟ್ ಇಲ್ಲ, ನಮ್ಮ ಫೋನು ಗೇಟಿನ ಲಾಕರಿನಲ್ಲಿ. ರಾತ್ರಿ ಒಂದು ಗಂಟೆ, ಡಿಸ್ಕ್ ತುಂಬಿ ಅಪ್ಲಿಕೇಶನ್ ನಿಂತಿದೆ. ಏಳು ದಿನಕ್ಕಿಂತ ಹಳೆಯ ಲಾಗ್ ಅಳಿಸಬಹುದು, ಅದರೊಳಗಿನದನ್ನು ಮುಟ್ಟಬಾರದು ಅಂತ ನಿಯಮ. ‘ಫೈಂಡ್’ ಕಮಾಂಡಿಗೆ ‘-ಎಂಟೈಮ್ +7’ ಕೊಡಬೇಕು. ಜೊತೆಗಿದ್ದ ಗೆಳೆಯ, ಏಳು ದಿನ ದಾಟಿ ಒಂದು ನಿಮಿಷ ಆದರೂ ಅದು ಹಿಡಿಯುತ್ತದೆ ಅಂದ. ನಾನು, ಎಂಟು ದಿನ ತುಂಬಿರಬೇಕು ಅಂದೆ. ಎಷ್ಟು ಜಾಗ ಸಿಗುತ್ತದೆ ಅನ್ನೋದು ಅದರ ಮೇಲೆ ನಿಂತಿತ್ತು. ‘ಫೈಂಡ್ --ಹೆಲ್ಪ್’ನಲ್ಲಿ ಆಯ್ಕೆಯ ಹೆಸರು ಮಾತ್ರ ಇದೆ, ಅರ್ಥ ಇಲ್ಲ. ಮ್ಯಾನ್ ಪುಟ ತೆಗೆದುಹಾಕಿದ್ದಾರೆ. ಎರಡು ಸೆಕ್ಯೂರಿಟಿ ಬಾಗಿಲು ದಾಟಿ ಗೇಟಿಗೆ ಹೋಗಿ, ರಿಜಿಸ್ಟರಿನಲ್ಲಿ ಸಹಿ ಹಾಕಿ, ಫೋನ್ ತಗೊಂಡು ಓದಿ ಬಂದೆ. ಫೈಂಡ್ 24 ಗಂಟೆಯ ಲೆಕ್ಕದಲ್ಲಿ ಪೂರ್ತಿ ದಿನಗಳನ್ನು ಮಾತ್ರ ಎಣಿಸುತ್ತದೆ, ಉಳಿದ ಗಂಟೆಗಳನ್ನು ಬಿಟ್ಟುಬಿಡುತ್ತದೆ. +7 ಅಂದ್ರೆ ಏಳಕ್ಕಿಂತ ಹೆಚ್ಚು, ಅಂದ್ರೆ ಎಂಟು ದಿನ ತುಂಬಿರಬೇಕು. ಆ ವಾಕ್ಯಕ್ಕಾಗಿ ಇಪ್ಪತ್ತು ನಿಮಿಷ ಹೋಯಿತು. ಮ್ಯಾನ್ ಪುಟದ ತೂಕ ಕೆಲವು ಹತ್ತು ಕೆಬಿ.

ನೆಟ್ ಇದ್ದಾಗಲೂ ಇನ್ನೊಂದು ಸಮಸ್ಯೆ ಇದೆ. ನೆಟ್ಟಿನ ಉತ್ತರ ಯಾವುದೋ ಮಷೀನಿನದು. ಮ್ಯಾಕ್‌ಬುಕ್ಕಿನಲ್ಲಿ ಕೂತು ಲಿನಕ್ಸಿಗೆ ಕೆಲಸ ಮಾಡುವವರು ‘ಸೆಡ್ -ಐ’ ಬಳಸಿದ್ದರೆ ಗೊತ್ತಿರುತ್ತದೆ: ಲಿನಕ್ಸಿನಲ್ಲಿ ನಡೆಯೋದು ಮ್ಯಾಕಿನಲ್ಲಿ ನಡೆಯೋದಿಲ್ಲ, ಅಲ್ಲಿ ‘-ಐ’ ಮುಂದೆ ಬ್ಯಾಕಪ್ಪಿನ ಹೆಸರು ಕೇಳುತ್ತದೆ, ಅದು ಖಾಲಿ ಆದರೂ ಸರಿ. ಎರಡೂ ಮಷೀನಿನಲ್ಲಿ ಅವುಗಳ ಸ್ವಂತ ಮ್ಯಾನ್ ಪುಟ ಇದನ್ನು ಸರಿಯಾಗಿ ಹೇಳುತ್ತದೆ. ಪ್ಯಾಕೇಜಿನ ಜೊತೆಗೇ ದಾಖಲೆ ಇನ್‌ಸ್ಟಾಲ್ ಆಗೋದರ ಲಾಭ ಇದೇ. ಯಾವ ವರ್ಷನ್ ಇದೆಯೋ ಅದರದ್ದೇ ಪುಟ ಇರುತ್ತದೆ.

ಹಾಗಾದರೆ ಎಲ್ಲ ದಾಖಲೆಯನ್ನೂ ಎಲ್ಲ ಕಡೆ ತುಂಬಬೇಕಾ? ಬೇಡ. ಇಲ್ಲಿ ನನಗೆ ನಮ್ಮ ಕಡೆಯ ಒಂದು ಕಲ್ಲು ನೆನಪಾಗುತ್ತದೆ. ಶಹಾಪುರದ ಕಡೆಯಿಂದ ಭೀಮಾ ನದಿ ದಾಟಿದರೆ ಆಚೆ ದಂಡೆಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಚಂದ್ರಲಾ ಪರಮೇಶ್ವರಿ ಗುಡಿಗೆ ನಮ್ಮೂರಿನವರು ನಡೆದುಕೊಳ್ಳುತ್ತಾರೆ. ಎಂಬತ್ತರ ದಶಕದಲ್ಲಿ ಆ ಆವರಣದ ಕಾಳಿ ಗುಡಿಯಲ್ಲಿ, ದೇವಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೂ ಸಿಕ್ಕಿತು. ಮೂರ್ತಿ ಕೂರಿಸಲು ಶಾಸನದ ಕಲ್ಲಿನ ನಡುವೆ ತೂತು ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರ ಹೋದವು. ಕೊರೆದವರಿಗೆ ಬ್ರಾಹ್ಮಿ ಲಿಪಿ ಬರುತ್ತಿರಲಿಲ್ಲ, ಅವರನ್ನು ಬೈಯೋ ಹಾಗಿಲ್ಲ.

ಆ ಕಲ್ಲಿನ ಮೇಲೆ ಇರುವುದರಲ್ಲಿ ಹದಿನಾಲ್ಕನೇ ಶಾಸನವೂ ಒಂದು. ಅದು ಉಳಿದ ಶಾಸನಗಳ ಬಗ್ಗೆಯೇ ಇರುವ ಶಾಸನ. ಅಶೋಕ ಅದರಲ್ಲಿ ಹೇಳುವ ಅರ್ಥ ಇಷ್ಟು: ಈ ಬರಹಗಳು ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಇವೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ, ಎಲ್ಲಾದರೂ ಅಪೂರ್ಣ ಇದ್ದರೆ ಜಾಗದಿಂದಲೋ ಬರೆದವನ ತಪ್ಪಿನಿಂದಲೋ ಆಗಿರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ‘ಬಗ್ಸ್’ ವಿಭಾಗ! ಅಲ್ಲಿರುವ ಪ್ರತ್ಯೇಕ ಶಾಸನಗಳ ಪಾಠ ಒಡಿಶಾದ ಧೌಲಿಯಲ್ಲೂ ಸಿಗುತ್ತದೆ. ಅದರಲ್ಲಿ, ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ ಅಂತಿದೆ. ಒಬ್ಬನೇ ಇದ್ದರೂ. ‘ಬಳಕೆದಾರರು ಲಾಗಿನ್ ಆಗದ ಸಿಸ್ಟಮ್’ ಅನ್ನೋ ಮಾತಿನ ಪಕ್ಕ ಇದನ್ನಿಟ್ಟು ನೋಡಿ.

ಚಿಕ್ಕದು, ಮಧ್ಯಮ, ವಿಸ್ತಾರ. ಪ್ಯಾಕೇಜ್ ಮಾಡುವವರು ಮಾಡಬೇಕಾಗಿರೋದು ಇದೇ ಅಂತ ನನ್ನ ಅಭಿಪ್ರಾಯ. ಈಗಿರುವ ಎಕ್ಸ್‌ಕ್ಲೂಡ್ ಫೈಲಿಗೆ ಎರಡೇ ಗೊತ್ತು, ಎಲ್ಲ ಇರಲಿ ಅಥವಾ ಎಲ್ಲ ಹೋಗಲಿ. ಚೇಂಜ್‌ಲಾಗು, ಉದಾಹರಣೆ, ಚಿತ್ರ ಇರುವ ಎಚ್‌ಟಿಎಂಎಲ್ ಪುಸ್ತಕಗಳು ‘-ಡಾಕ್’ ಪ್ಯಾಕೇಜಿಗೆ ಹೋಗಲಿ, ಅಡ್ಡಿಯಿಲ್ಲ. ಮ್ಯಾನ್ ಪುಟ ಕಮಾಂಡಿನ ಜೊತೆಗೇ ಉಳಿಯಬೇಕು. ಅದನ್ನೂ ತೆಗೆಯಲೇಬೇಕು ಅನ್ನುವ ಕಡೆ, ಯಾವ ಪ್ಯಾಕೇಜಿನ ಯಾವ ಪುಟ ತೆಗೆದಿದೆ, ಅದೊಂದನ್ನೇ ತರಲು ಏನು ಮಾಡಬೇಕು ಅಂತ ಒಂದು ಸಾಲು ಉಳಿಯಬೇಕು. ‘ಅನ್‌ಮಿನಿಮೈಜ್’ ಮಾಡಿದರೆ ಇಡೀ ಸಿಸ್ಟಮ್ಮಿನ ಪ್ಯಾಕೇಜುಗಳನ್ನು ಮತ್ತೆ ಇಳಿಸುತ್ತದೆ. ಒಂದು ಲೋಟ ನೀರು ಕೇಳಿದರೆ ಕಾಲುವೆ ಬಿಟ್ಟ ಹಾಗೆ.

ಸಣ್ಣ ಇಮೇಜಿಗೇ ಹೆಸರಾದ ಆಲ್ಪೈನ್ ಲಿನಕ್ಸು ಇದನ್ನು ಚೆನ್ನಾಗಿ ಬಿಡಿಸಿದೆ ಅನ್ನೋದು ತಮಾಷೆ. ಅದರ ಇಮೇಜು 5 ಎಂಬಿಯ ಆಸುಪಾಸು. ಅಲ್ಲಿ ಎಲ್ಲ ದಾಖಲೆಯೂ ಬೇರೆ ‘-ಡಾಕ್’ ಪ್ಯಾಕೇಜಿನಲ್ಲಿರುತ್ತದೆ. ಆದರೆ ಆ ಪ್ಯಾಕೇಜಿನೊಳಗೆ ಒಂದು ಷರತ್ತು ಬರೆದಿರುತ್ತದೆ: ‘ಡಾಕ್ಸ್’ ಅನ್ನುವ ಪ್ಯಾಕೇಜು ಮತ್ತು ನನ್ನ ಮೂಲ ಪ್ಯಾಕೇಜು ಎರಡೂ ಇದ್ದರೆ ನನ್ನನ್ನೂ ತಾನಾಗಿ ಹಾಕು. ನೀವು ‘ಎಪಿಕೆ ಆಡ್ ಡಾಕ್ಸ್’ ಅಂತ ಒಂದೇ ಸಲ ಹೇಳಿದರೆ ಸಾಕು. ಈಗ ಇರುವುದರ ಕೈಪಿಡಿಗಳೂ ಬರುತ್ತವೆ, ನಾಳೆ ಹಾಕುವುದರ ಕೈಪಿಡಿಯೂ ಅದರ ಹಿಂದೆಯೇ ಬರುತ್ತದೆ. ಬೇಡದವನಿಗೆ ಒಂದು ಬೈಟೂ ಇಲ್ಲ. ಉಬುಂಟು, ಡೆಬಿಯನ್ನಿನವರು ಈ ಒಂದು ಷರತ್ತನ್ನು ಎರವಲು ತಗೊಂಡರೂ ಅರ್ಧ ಜಗಳ ಮುಗಿಯುತ್ತದೆ.

ಭಾಷೆಯ ಮಾತು ಬಾಕಿ ಇದೆ. ಮ್ಯಾನ್ ಪುಟಗಳಿಗೆ ಭಾಷೆವಾರು ಫೋಲ್ಡರ್ ಇಡುವ ಪದ್ಧತಿ ಇದೆ. ಜರ್ಮನ್, ಫ್ರೆಂಚ್, ಜಪಾನಿ ಫೋಲ್ಡರುಗಳಲ್ಲಿ ಅಲ್ಲಿನ ಸ್ವಯಂಸೇವಕರು ಅನುವಾದಿಸಿದ ನೂರಾರು ಪುಟಗಳಿವೆ. ಕನ್ನಡದಲ್ಲಿ ಗ್ನೋಮ್ ಡೆಸ್ಕ್‌ಟಾಪಿನ ಮೆನುಗಳಿವೆ, ಅದಕ್ಕೆ ದುಡಿದವರಿಗೆ ನಮಸ್ಕಾರ. ನನ್ನ ಲ್ಯಾಪ್‌ಟಾಪಿನ ಮ್ಯಾನ್ ಫೋಲ್ಡರಿನಲ್ಲಿ ಮಾತ್ರ ‘ಕೆಎನ್’ ಇರಲಿಲ್ಲ. ಕಳೆದ ಸಲ ಊರಿಗೆ ಹೋದಾಗ ಡಿಪ್ಲೊಮಾ ಓದುವ ನಮ್ಮ ಕಾಕಾನ ಮಗಳು ಕೇಳಿದಳು, “ಅಣ್ಣಾ, ಫೈಂಡಿಂದು ಕನ್ನಡದಾಗ ಎಲ್ಲಿ ಅದ?” ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸ್ ಬರುವಾಗ ಯಾದಗಿರಿಯಿಂದ ಗುಂತಕಲ್ಲಿನವರೆಗೆ ಕೂತು ‘ಫೈಂಡ್’ ಪುಟದ ಚಿಕ್ಕ ಆವೃತ್ತಿ ಬರೆದೆ. ‘-ಎಂಟೈಮ್’ಗೆ ಎರಡು ಉದಾಹರಣೆ ಕೊಟ್ಟಿದ್ದೀನಿ. ಅದನ್ನು ‘/ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್/ಕೆಎನ್/ಮ್ಯಾನ್1’ ಫೋಲ್ಡರಿನಲ್ಲಿಟ್ಟು ಸಿಸ್ಟಮ್ಮಿನ ಭಾಷೆ ಕನ್ನಡ ಮಾಡಿದರೆ ‘ಮ್ಯಾನ್ ಫೈಂಡ್’ ಅಂದ ಕೂಡಲೇ ಕನ್ನಡದ ಪುಟ ತೆರೆಯುತ್ತದೆ. ಅವಳ ಮಷೀನಿನಲ್ಲೂ ಹಾಕಿಕೊಟ್ಟಿದ್ದೀನಿ. ಟರ್ಮಿನಲ್ಲಿನಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ, ಅಲ್ಲಲ್ಲಿ ಸಾಲು ಸರಿಯಾಗಿ ಕೂರೋದಿಲ್ಲ. ಪುಟದ ಕೊನೆಗೆ ‘ದೋಷಗಳು’ ಅಂತ ಒಂದು ವಿಭಾಗ ಮಾಡಿ ಅದನ್ನೂ ಬರೆದಿದ್ದೀನಿ.